ಅಂಗೈಯಗಲದ ಅತಿಥಿಗೃಹ

ಯಾರೂ ವಾಸಮಾಡಲಾರದ ಮನೆಯನ್ನು ಕಟ್ಟುವಾಗ ಮನುಷ್ಯನಿಗೆ ಸತ್ಯದ ಹಂಗು ಉಂಟೇ, ಇಲ್ಲವೇ ಎಂಬ ಪ್ರಶ್ನೆ ಮೊದಲ ನೋಟಕ್ಕೆ ವಿನೋದದ ಪ್ರಶ್ನೆಯಂತೆ ತೋರುವುದು. ಮನೆಯೋ ಬೊಂಬೆಯದು; ಅದರ ಬಾಗಿಲು ಮೂರು ಅಂಗುಲದ್ದು; ಇರುವೆಯ ಹೊರತು ಬೇರೊಂದು ಜೀವ ಅದರೊಳಗೆ ಕಾಲಿಡಲಾರದು. ಅಂಥದರಲ್ಲಿ ತಪ್ಪಿದರೇನು, ಒಪ್ಪಿದರೇನು? ಆದರೆ ಈ ಪ್ರಶ್ನೆಯನ್ನು ನನಗೆ ಬರೆದು ಕೇಳಿದವನು ವಿನೋದಕ್ಕಾಗಿ ಕೇಳಿದವನಲ್ಲ. ಆದಕಾರಣ ಇದನ್ನು ವಾಚಕರ ಮುಂದೆ ವಿಚಾರಕ್ಕೆ ಇಡುತ್ತಿದ್ದೇನೆ.

ಅವನು ನಮ್ಮ ಪಾಠಶಾಲೆಯಲ್ಲಿ ಓದಿದವನು. ಅಮರಕೋಶವನ್ನೂ ತರ್ಕಸಂಗ್ರಹವನ್ನೂ ನನ್ನಲ್ಲಿಯೇ ಪಾಠ ಹೇಳಿಸಿಕೊಂಡನು; ಬಳಿಕ ಎಂಜಿನಿಯರಾಗಿ ಕೆಲವು ವರ್ಷಗಳಿಂದ ಜಪಾನಿನ ಯೊಕೊಹಾಮ ನಗರದಲ್ಲಿ ಹೆಂಡತಿ ಮತ್ತು ಐದು ವರ್ಷದ ಮಗಳೊಡನೆ ನೆಲೆಸಿದ್ದಾನೆ. ಒಮ್ಮೆ ತಂದೆಯನ್ನು ಅಲ್ಲಿಗೆ ಕರೆಯಿಸಿಕೊಂಡು, ಹಕೊನೆ ಎಂಬ ಬೆಟ್ಟದ ಪ್ರದೇಶದ ಬಿಸಿನೀರ ಬುಗ್ಗೆಯ ಬಳಿಯ ಹಳೆಯ ಅತಿಥಿಗೃಹವೊಂದರಲ್ಲಿ ಎರಡು ರಾತ್ರಿ ಇರಿಸಿದ್ದನು. ಮರುವರ್ಷ ತಂದೆ ಊರಿನಲ್ಲಿ ಲಿಂಗೈಕ್ಯರಾದರು. ಮಗನು ಊರು ಮುಟ್ಟಿದ್ದು ಸಮಾಧಿಕ್ರಿಯೆ ಮುಗಿದ ಮರುದಿನ. ಯೊಕೊಹಾಮಕ್ಕೆ ಹಿಂದಿರುಗಿದವನು ಒಂದು ಅಂಗಡಿಯಲ್ಲಿ ಅಂಥದೇ ಅತಿಥಿಗೃಹದ ಕಿರುಮಾದರಿಯನ್ನು ಕಟ್ಟುವ ಸಾಮಗ್ರಿಯ ಪೆಟ್ಟಿಗೆಯನ್ನು ಕಂಡು ಕೊಂಡುತಂದನು. ಅಂದಿನಿಂದ ಆರು ತಿಂಗಳ ಸಂಜೆಗಳು ಆ ಪೆಟ್ಟಿಗೆಗೆ ಸಂದವು.

ಪ್ರಶ್ನೆಗೆ ಬರುವ ಮುನ್ನ ಜಪಾನಿನ ಅತಿಥಿಗೃಹವೆಂದರೇನೆಂಬುದನ್ನು ಸ್ವಲ್ಪ ತಿಳಿಯಬೇಕು. ಅದಕ್ಕೆ ಅವರು ರ್ಯೊಕಾನ್ ಎನ್ನುವರು. ಹಿಂದೆ ಎದೊ ನಗರದಿಂದ, ಎಂದರೆ ಇಂದಿನ ಟೋಕಿಯೋದಿಂದ, ಕ್ಯೋಟೋವರೆಗೆ ಸುಮಾರು 500 ಕಿಲೋಮೀಟರ್ ಉದ್ದದ ತೊಕಾಯ್ದೊ ಎಂಬ ಹೆದ್ದಾರಿಯಿದ್ದು, ಅದರ ಮೇಲೆ 53 ತಂಗುದಾಣಗಳಿದ್ದವು. 1635ರ ಕಟ್ಟಳೆಯಂತೆ ಸಾಮಂತರು ಸರದಿಯ ಮೇಲೆ ಎದೊ ನಗರಕ್ಕೆ ಬಂದು ಇರಬೇಕಾದುದರಿಂದ ಈ ದಾರಿಯಲ್ಲಿ ಪರಿವಾರಗಳ ಓಡಾಟ ಹೆಚ್ಚಿತು. ಸಾಮಂತರು ಇಳಿದುಕೊಳ್ಳುವ ಬಿಡಾರವೇ ಬೇರೆ. ಸಾಮಾನ್ಯ ಪ್ರಯಾಣಿಕರಿಗೆ ಊಟವಿಕ್ಕಿ ಮಲಗಲು ಎಡೆಗೊಡುವ ‘ಹತಾಗೊ’ ಎಂಬ ಮನೆಗಳೇ ಬೇರೆ. ಅದಕ್ಕೂ ಶಕ್ತಿಯಿಲ್ಲದವರು ‘ಕಿಚಿನ್ ಯಾದೊ’ ಎಂಬಲ್ಲಿ ಇಳಿದುಕೊಂಡು, ಸೌದೆಯ ಬೆಲೆಯನ್ನು ಮಾತ್ರ ಕೊಟ್ಟು ತಮ್ಮ ಅಕ್ಕಿಯನ್ನು ತಾವೇ ಬೇಯಿಸಿಕೊಳ್ಳುತ್ತಿದ್ದರು. ಬಿಸಿನೀರ ಬುಗ್ಗೆಗಳ ಬಳಿಯ ಅತಿಥಿಗೃಹಗಳ ಪರಂಪರೆ ಇದಕ್ಕಿಂತಲೂ ಬಹು ಹಳೆಯದು. ಯಮನಾಶಿ ಪ್ರಾಂತದ ಕೆಯ್‌ಉಂಕಾನ್ ಎಂಬುದು 705ರಲ್ಲಿಯೂ, ಇಶಿಕಾವ ಪ್ರಾಂತದ ಹೋಶಿ ಎಂಬುದು 718ರಲ್ಲಿಯೂ ಆರಂಭವಾದವೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಇವುಗಳಲ್ಲಿ ಮೊದಲನೆಯದನ್ನು 2011ರಲ್ಲಿ ಗಿನ್ನೆಸ್ ದಾಖಲೆಯವರು ಲೋಕದ ಅತ್ಯಂತ ಪ್ರಾಚೀನ ವಸತಿಗೃಹವೆಂದು ಒಪ್ಪಿದರು.

ಅದರ ಒಳಗಿನ ಕ್ರಮ ಹೀಗೆ. ಬಾಗಿಲೊಳಗೆ ಗೆಂಕಾನ್ ಎಂಬ ತಗ್ಗಾದ ಮೊಗಸಾಲೆ. ಅಲ್ಲಿ ಪಾದರಕ್ಷೆಯನ್ನು ಕಳಚಿ ಮೇಲಿನ ನೆಲಕ್ಕೆ ಹತ್ತಬೇಕು. ಅತಿಥಿ ಒಳಗೆ ಹೋದಮೇಲೆ ಮನೆಯವರು ಆ ಪಾದರಕ್ಷೆಗಳನ್ನು ತಿರುಗಿಸಿ, ಅವನು ಹೊರಡುವಾಗ ಸುಲಭವಾಗಿ ಮೆಟ್ಟಿಕೊಳ್ಳುವಂತೆ, ತುದಿಗಳು ಹೊರಮುಖವಾಗಿರುವಂತೆ ಇಡುವರು. ಕೋಣೆಯ ನೆಲಕ್ಕೆ ತತಾಮಿ ಎಂಬ ದಪ್ಪನಾದ ಚಾಪೆಗಳನ್ನು ಅಳವಡಿಸಿರುತ್ತಾರೆ. ಮೇಲ್ಮೈ ಜೊಂಡಿನ ಹೆಣಿಗೆ. ಕಿಟಕಿಗೆ ಗಾಜಿನ ಬದಲು ಮರದ ಚೌಕಟ್ಟಿಗೆ ಅಂಟಿಸಿದ ಬಿಳಿಯ ಕಾಗದ. ಅದರಿಂದ ಬೆಳಕು ಸೋಸಿದಂತೆ ಬರುವುದು. ಗೋಡೆಯ ಒಂದು ಪಕ್ಕದಲ್ಲಿ ತೊಕೊನೊಮ ಎಂಬ ಗೂಡು, ಅದರಲ್ಲಿ ಒಂದು ತೂಗುಪಟ, ಒಂದು ಹೂವು. ಹಿರಿಯ ಅತಿಥಿಯನ್ನು ಅದರ ಸಮೀಪದಲ್ಲಿ ಕುಳ್ಳಿರಿಸುವುದು ಮರ್ಯಾದೆ. ಅದರೊಳಗೆ ಕಾಲಿಡುವುದು ಅಮರ್ಯಾದೆ. ಅದೇ ಕೋಣೆಯಲ್ಲಿ ಊಟ, ಅದೇ ಕೋಣೆಯಲ್ಲಿ ಮಾತುಕತೆ, ರಾತ್ರಿ ಅಲ್ಲಿಯೇ ಹಾಸಿಗೆಯನ್ನು ನೆಲದ ಮೇಲೆ ಬಿಡಿಸುವರು. ಬೆಳಗಾದರೆ ಮಡಿಸಿ ಗೋಡೆಯೊಳಗಣ ಬೀರುವಿನಲ್ಲಿ ಇಡುವರು. ಇದನ್ನು ಕಂಡ ತಂದೆಯವರು, “ಇದೇನು ಪರದೇಶವಪ್ಪಾ, ನಮ್ಮ ಪಡಸಾಲೆಯ ಹಾಗೆಯೇ ಇದೆಯಲ್ಲ” ಎಂದರಂತೆ. ಮಗನ ಕಾಗದದಲ್ಲಿ ಆ ಮಾತು ಎರಡು ಸಲ ಬಂದಿದೆ.

ಇಂಥ ಮನೆಗಳು ಈಗ ಕಡಮೆಯಾಗುತ್ತಿವೆ ಎಂಬುದನ್ನೂ ಹೇಳಬೇಕು. 1980ರ ಸುಮಾರಿನಲ್ಲಿ ಆ ದೇಶದಲ್ಲಿ 80 ಸಾವಿರಕ್ಕೂ ಮಿಕ್ಕಿದ್ದ ರ್ಯೊಕಾನ್‌ಗಳು 2017ರ ಹೊತ್ತಿಗೆ 40 ಸಾವಿರಕ್ಕಿಂತ ಕೆಳಗಿಳಿದಿದ್ದವು. ನಡೆಸುವ ಮಕ್ಕಳಿಲ್ಲ, ಖರ್ಚು ಹೆಚ್ಚು, ಜನರಿಗೆ ಮಂಚದ ರೂಢಿ. ನಿಜವಾದ ಮನೆಯ ಬಾಗಿಲು ಮುಚ್ಚುತ್ತಿರುವಾಗ ಅದರ ಬೊಂಬೆ ಅಂಗಡಿಯಲ್ಲಿ ಮಾರಾಟಕ್ಕೆ ಬರುವುದು ವಿಚಿತ್ರವೆನಿಸಿದರೂ ಲೋಕದಲ್ಲಿ ಅಪರೂಪವಲ್ಲ.

ಇನ್ನು ಪೆಟ್ಟಿಗೆಯ ವಿಷಯ. ಇದನ್ನು ‘ಕಿಟ್’ ಎಂದು ಕರೆಯುವರು. ಅವನು ಕೊಂಡದ್ದು ಇಪ್ಪತ್ತನಾಲ್ಕರಲ್ಲಿ ಒಂದಂಶದ ಅಳತೆಯದು. ನಿಜವಾದ ತತಾಮಿ ಸುಮಾರು 182 ಸೆಂಟಿಮೀಟರ್ ಉದ್ದ, 91 ಅಗಲ ಇದ್ದರೆ, ಇದರಲ್ಲಿ ಅದು ಏಳೂವರೆ ಸೆಂಟಿಮೀಟರ್ ಉದ್ದ, ಅದರ ಅರ್ಧ ಅಗಲ. ಎಂಟು ಚಾಪೆಯ ಕೋಣೆಯೆಂದರೆ ಒಂದು ಗೇಣಿಗಿಂತಲೂ ಕಡಮೆಯ ಚೌಕ. ತೆಳುವಾದ ಮರದ ಹಲಗೆಗಳಲ್ಲಿ ಲೇಸರ್ ಕಿರಣದಿಂದ ಕೊರೆದ ನೂರಾರು ತುಂಡುಗಳು, ಕಾಗದ, ಅಂಟು, ಚಿತ್ರಗಳ ಮೂಲಕ ಕ್ರಮ ತೋರಿಸುವ ಒಂದು ಹಾಳೆ, ಇಷ್ಟೇ. ಕಿರಣ ಕೊರೆದ ಅಂಚು ಸುಟ್ಟು ಕಪ್ಪಾಗಿರುತ್ತದೆ, ಅದನ್ನು ಮರಳುಕಾಗದದಿಂದ ಉಜ್ಜಬೇಕು. ಅಂಟು ಹಚ್ಚುವ ಮೊದಲು ಒಣಗಿದಂತೆಯೇ ಜೋಡಿಸಿ ನೋಡಬೇಕು. ಒಂದು ಕಂಬ ಕೂದಲೆಳೆಯಷ್ಟು ವಾಲಿದರೆ ಆ ವಾಲು ಮಾಡಿನವರೆಗೂ ಏರುತ್ತ ಹೋಗಿ, ಕಡೆಗೆ ಜಾರುಬಾಗಿಲು ತನ್ನ ಗಾಡಿಯಲ್ಲಿ ಜಾರದೆ ನಿಲ್ಲುವುದು. ತಪ್ಪು ಕಂಡುಬರುವುದು ಅದು ಆದ ಸ್ಥಳದಲ್ಲಲ್ಲ, ಹತ್ತು ದಿನ ತಡೆದು ಬೇರೊಂದು ಸ್ಥಳದಲ್ಲಿ.

ಕಾಗದದಲ್ಲಿ ಅವನನ್ನು ನೋಯಿಸಿದ ಮೂರು ಮಾತುಗಳಿದ್ದವು. ಮೊದಲನೆಯದು ಒಬ್ಬ ಗೆಳೆಯನದು: “ಇದರಲ್ಲಿ ನಿನ್ನದೇನಿದೆ? ಕತ್ತರಿಸಿದವರು ಅವರು, ಯೋಚಿಸಿದವರು ಅವರು, ನೀನು ಅಂಟಿಸಿದೆ.” ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ, ತರ್ಕಸಂಗ್ರಹವನ್ನು ಓದಿದವನಿಗೆ ಅದು ತಾನಾಗಿಯೇ ಹೊಳೆಯಬೇಕಾಗಿತ್ತು. ನೈಯಾಯಿಕರು ಕಾರಣವನ್ನು ಮೂರು ಬಗೆಯಾಗಿ ವಿಂಗಡಿಸುವರು. ಬಟ್ಟೆಗೆ ನೂಲು ಸಮವಾಯಿಕಾರಣ. ಮಗ್ಗ, ಲಾಳಿ ಮುಂತಾದವು ನಿಮಿತ್ತಕಾರಣ. ಇವೆರಡರ ನಡುವೆ ನೂಲು ನೂಲಿಗೆ ಆಗುವ ಸಂಯೋಗವೇ ಒಂದು ಕಾರಣ, ಅದನ್ನು ಅಸಮವಾಯಿಕಾರಣವೆಂಬರು. ನೂಲಿನ ರಾಶಿ ಬಟ್ಟೆಯಲ್ಲ. ಪೆಟ್ಟಿಗೆಯಲ್ಲಿದ್ದ ನೂರಾರು ತುಂಡುಗಳೂ ಮನೆಯಲ್ಲ. ಸಂಯೋಗವನ್ನು ಉಂಟುಮಾಡಿದವನು ಏನನ್ನೂ ಮಾಡಲಿಲ್ಲವೆನ್ನುವುದು, ನೂಲನ್ನು ತಾನೇ ತೆಗೆಯದ ನೇಕಾರನು ನೇಯಲೇ ಇಲ್ಲವೆಂದಂತೆ. ಆದರೆ ಇದರಿಂದ ಅವನು ಮನೆಯ ಯೋಜಕನೂ ತಾನೇ ಎಂದು ಬೀಗಬಾರದು. ಯಾರೋ ಒಬ್ಬರು, ಅವರ ಹೆಸರು ಹಾಳೆಯ ಮೇಲೆ ಇದೆಯೋ ಇಲ್ಲವೋ, ಈ ಕಂಬ ಇಲ್ಲಿ ನಿಂತರೆ ಈ ಬಾಗಿಲು ಅಲ್ಲಿ ಜಾರುವುದೆಂದು ಮೊದಲು ಮನಸ್ಸಿನಲ್ಲಿ ಕಂಡರು. ಆ ಕಾಣ್ಕೆಯ ಋಣ ಇವನ ಮೇಲಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅವನು ತನ್ನ ಕಾಗದದಲ್ಲಿ ಇದನ್ನು ‘ಸಂಜೆಯ ಕಾಯಕ’ವೆಂದು ಕರೆದಿದ್ದನು. ಆ ಶಬ್ದವನ್ನು ಅಷ್ಟು ಸುಲಭವಾಗಿ ಖರ್ಚುಮಾಡಬಾರದೆಂದು ನಾನು ಬರೆದೆನು. ಯಾವುದರಿಂದ ಮನೆಯವರ ಹೊಟ್ಟೆ ತುಂಬಿ, ಮಿಕ್ಕದ್ದು ಬಂದವರಿಗೆ ಸಲ್ಲುವುದೋ ಅದು ಕಾಯಕ. ಬೊಂಬೆಮನೆ ಯಾರಿಗೂ ಒಂದು ತುತ್ತನ್ನು ಕೊಡುವುದಿಲ್ಲ. ಅದನ್ನು ಆಟವೆಂದೇ ಕರೆಯಲಿ. ಆಟಕ್ಕೂ ಅದರ ಮರ್ಯಾದೆಯಿದೆ. ಈಚೆಗೆ ನಮ್ಮವರು ಮಾಡಿದ್ದಕ್ಕೆಲ್ಲ ಈ ದೊಡ್ಡ ಹೆಸರನ್ನು ಅಂಟಿಸುವುದನ್ನು ಕಂಡು ನನಗೆ ಬೇಸರವಾಗಿದೆ.

ಎರಡನೆಯದು ಅವನ ಸ್ವಂತ ಸಂಕಟ; ಇದೇ ಈ ಲೇಖನಕ್ಕೆ ಮೂಲ. ಎಂಟು ಚಾಪೆಗಳನ್ನು ಅವನು ಸಾಲಾಗಿ, ಅಂಚಿಗೆ ಅಂಚು ಸರಿಗೂಡಿಸಿ ಅಂಟಿಸಿದ್ದನು. ನೋಡಲು ನೇರವಾಗಿ ಅಂದವಾಗಿಯೇ ಇತ್ತು. ಕೆಲಸದ ಕಡೆಯ ಹಿರಿಯ ಜಪಾನೀ ಸಹೋದ್ಯೋಗಿಯೊಬ್ಬರು ಮನೆಗೆ ಬಂದವರು ಅದನ್ನು ಬಹಳ ಹೊತ್ತು ನೋಡಿ, ಮೆಚ್ಚಿ, ಹೊರಡುವಾಗ ಮೆಲ್ಲಗೆ ಒಂದು ಸಂಗತಿ ಹೇಳಿದರು. ಆ ದೇಶದಲ್ಲಿ ಚಾಪೆ ಹಾಸುವುದಕ್ಕೆ ಎರಡು ಕ್ರಮಗಳಿವೆ. ಶುಭದ ಹಾಸಿನಲ್ಲಿ ನಾಲ್ಕು ಚಾಪೆಗಳ ಮೂಲೆಗಳು ಎಲ್ಲಿಯೂ ಒಂದೇ ಬಿಂದುವಿನಲ್ಲಿ ಕೂಡಬಾರದು. ಒಂದು ಚಾಪೆಯ ಅಂಚು ಇನ್ನೊಂದರ ಮೈಗೆ ತಾಗಿ ನಿಲ್ಲುವಂತೆ, ನಡುವೆ ಎರಡನ್ನಿಟ್ಟು ಸುತ್ತ ಆರನ್ನು ತಿರುಗಿಸಿ ಹಾಸುವರು. ನಾಲ್ಕು ಮೂಲೆಗಳು ಕೂಡುವಂಥ ಸಾಲುಹಾಸು ಮೃತ್ಯುವಿನ ಮನೆಗೆ ಸಂಬಂಧಪಟ್ಟದ್ದು. ಹಿಂದೆ ಮನೆಯಲ್ಲಿ ಸಾವಾದಾಗ ಚಾಪೆಗಳನ್ನೆತ್ತಿ ಹಾಗೆ ಹಾಸುತ್ತಿದ್ದರು. ದೇವಾಲಯಗಳ ದೊಡ್ಡ ಸಭಾಂಗಣಗಳಲ್ಲಿ ಈಗಲೂ ಅಂಥ ಹಾಸನ್ನು ಕಾಣಬಹುದು, ಆದರೆ ವಾಸದ ಕೋಣೆಯಲ್ಲಿ ಅದು ಸಲ್ಲದು.

ಇವನ ಮನಸ್ಸು ಎರಡಾಯಿತು. ಒಂದು ಕಡೆ, ಇದು ಬೊಂಬೆಮನೆ. ಇದರಲ್ಲಿ ಶುಭವೆಲ್ಲಿ, ಅಶುಭವೆಲ್ಲಿ? ಅಂಟಿ ಒಣಗಿದ್ದನ್ನು ಕಿತ್ತರೆ ನೆಲದ ಹಲಗೆಯೇ ಹಾಳಾಗಬಹುದು. ಇನ್ನೊಂದು ಕಡೆ, ಇದಕ್ಕಿಂತಲೂ ಸೂಕ್ಷ್ಮವಾದ ಮಾತು: ತಾನು ಕಟ್ಟುತ್ತಿರುವುದು ತಂದೆಯ ನೆನಪಿಗಾಗಿ. ತಿಳಿಯದೆಯೇ ಕೈ ಶೋಕದ ಹಾಸನ್ನು ಹಾಸಿತೆಂದರೆ ಅದು ಸರಿಯಾಗಿಯೇ ಹಾಸಿತಲ್ಲವೇ? ಊರಿನಲ್ಲಿ ಮಣ್ಣು ಹಾಕುವಾಗ ಇಲ್ಲದ ಮಗನು ಇಲ್ಲಿಯಾದರೂ ಆ ಒಂದು ಕ್ರಮವನ್ನು ನಡೆಸಿದಂತಾಗಲಿಲ್ಲವೇ? ಹೀಗೆ ನಾಲ್ಕು ದಿನ ಯೋಚಿಸಿ, ಐದನೆಯ ರಾತ್ರಿ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಚಾಪೆಗಳ ಮೇಲೆ ಹರಡಿ, ಅಂಟು ಮೆತ್ತಗಾದ ಮೇಲೆ ತೆಳುವಾದ ಅಲಗಿನಿಂದ ಎಂಟನ್ನೂ ಎಬ್ಬಿಸಿದನು. ಹಲಗೆ ನೀರು ಕುಡಿದು ಬಾಗಿತು. ಪುಸ್ತಕಗಳ ಭಾರವಿಟ್ಟು ಒಂದು ವಾರ ಒಣಗಿಸಿದನು. ಎರಡು ಚಾಪೆಗಳು ಹರಿದವು, ಅವುಗಳನ್ನು ಹೊಸದಾಗಿ ಮಾಡಿದನು. ಆಮೇಲೆ ಶುಭದ ಕ್ರಮದಲ್ಲಿ ಹಾಸಿದನು. “ಗುರುಗಳೇ, ನಾನು ಮಾಡಿದ್ದು ಸತ್ಯಕ್ಕಾಗಿಯೋ, ಅಥವಾ ನೋಡಿದವರು ನಕ್ಕಾರೆಂಬ ಅಭಿಮಾನಕ್ಕಾಗಿಯೋ ನನಗೇ ತಿಳಿಯದು” ಎಂದು ಬರೆದಿದ್ದಾನೆ.

ಅಭಿಮಾನ ಒಂದಿಷ್ಟು ಇದ್ದೇ ಇರಬಹುದು; ಅಭಿಮಾನದ ಸೋಂಕಿಲ್ಲದ ಕೆಲಸವನ್ನು ಹುಡುಕಹೊರಟರೆ ಕೆಲಸವನ್ನೇ ಬಿಡಬೇಕಾದೀತು. ಅದಕ್ಕಿಂತ ಮುಖ್ಯವಾದುದು ಅವನು ಕಿತ್ತದ್ದು ಸರಿಯೇ ಎಂಬುದು. ಸರಿಯೆಂದೇ ನನ್ನ ನಿರ್ಣಯ, ಕಾರಣವನ್ನು ಹೇಳುತ್ತೇನೆ. ಅವನು ತನ್ನ ಮನೆಯ ಮಾದರಿಯನ್ನು ಕಟ್ಟಿದ್ದರೆ ಶೋಕದ ಹಾಸನ್ನು ಹಾಗೆಯೇ ಬಿಡಬಹುದಾಗಿತ್ತು. ಮನೆ ಮನೆಯವರದು, ಅವರ ಸುಖದುಃಖಗಳನ್ನು ಅದು ತೋರಬಹುದು. ಆದರೆ ಅವನು ಕಟ್ಟಿದ್ದು ಅತಿಥಿಗೃಹ. ಅಲ್ಲಿಯ ಒಡತಿಗೆ ಓಕಮಿ ಎನ್ನುವರು. ಅವಳಿಗೂ ಗಂಡ, ಮಕ್ಕಳು, ತಾಯಿತಂದೆಗಳಿರುವರು, ಅವಳ ಮನೆಯಲ್ಲಿಯೂ ಸಾವುನೋವುಗಳಾಗುವುವು. ಹಾಗಾದಾಗ ಅವಳು ತನ್ನ ಒಳಮನೆಯಲ್ಲಿ ಅತ್ತಾಳೇ ಹೊರತು, ಮಳೆಯಲ್ಲಿ ನೆನೆದು ಬಂದ ದಾರಿಹೋಕನಿಗೆ ಶೋಕದ ಚಾಪೆಯನ್ನು ಹಾಸಿ ಇದರ ಮೇಲೆ ಮಲಗೆಂದು ಹೇಳಲಾರಳು. ತನ್ನ ದುಃಖವನ್ನು ಅತಿಥಿಯ ಹಾಸಿಗೆಯ ಕೆಳಗೆ ಇಡದಿರುವುದೇ ಆ ಮನೆಯ ಧರ್ಮ. ಹಕೊನೆಯಲ್ಲಿ ಆ ತಂದೆ ಎರಡು ರಾತ್ರಿ ಮಲಗಿದ್ದು ಶುಭದ ಹಾಸಿನ ಮೇಲೆ. ಯಾರ ನೆನಪಿಗಾಗಿ ಮನೆಯನ್ನು ಕಟ್ಟಿದನೋ ಅವರು ಅಲ್ಲಿ ಜೀವಂತ ಅತಿಥಿಯಾಗಿದ್ದರು. ಅವರನ್ನು ಹಾಗೆಯೇ ನೆನೆಯುವುದು ನಿಜ.

ಬೊಂಬೆಮನೆಯಲ್ಲಿ ಸತ್ಯವೆಲ್ಲಿಂದ ಬಂತೆಂಬ ಆಕ್ಷೇಪಕ್ಕೂ ಇದರಲ್ಲಿಯೇ ಸಮಾಧಾನವಿದೆ. ಮಾದರಿಯೆಂಬುದು ಒಂದು ಬಗೆಯ ಮಾತು. ‘ಇದು ಇಂಥದು’ ಎಂದು ಅದು ನುಡಿಯುತ್ತದೆ. ಮಾತಿಗೆ ಸುಳ್ಳಾಗುವ ಶಕ್ತಿಯಿರುವಲ್ಲಿ ನಿಜವಾಗುವ ಹೊಣೆಯೂ ಇರುತ್ತದೆ; ಮಾತು ಚಿಕ್ಕದಾದ ಮಾತ್ರಕ್ಕೆ ಹೊಣೆ ಚಿಕ್ಕದಾಗದು. ಅದು ನಮ್ಮ ಮಾತಲ್ಲ, ಬೇರೊಂದು ಜನರ ಮನೆವಾರ್ತೆಯ ಕುರಿತಾದ ಮಾತು ಎಂದಾಗ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಪರರ ಆಚಾರವನ್ನು ಚೆಂದವೆಂದು ಕೊಂಡುತಂದು ಅರ್ಥ ಕೇಳದೆ ಮನೆಯಲ್ಲಿ ಇಟ್ಟುಕೊಳ್ಳುವವರು ಬಹಳ. ಆ ಹಿರಿಯರು ಹೊರಡುವಾಗ ಹೇಳಿದ್ದನ್ನು ಇವನು ಕೇಳಿಸಿಕೊಂಡನು; ಅದು ನನಗೆ ಸಂತೋಷ.

ಮೂರನೆಯ ಮಾತು ಮಡದಿಯದು, ಇದು ಎಲ್ಲಕ್ಕಿಂತ ಭಾರವಾದದ್ದು. ಆಕೆ ಕೋಪದಿಂದ ಆಡಿದವಳಲ್ಲ. “ಆರು ತಿಂಗಳಿನಿಂದ ಮಗು ಅಪ್ಪನ ಬೆನ್ನನ್ನು ಮಾತ್ರ ನೋಡುತ್ತಿದೆ” ಎಂದಳಂತೆ.

ಜಪಾನಿನ ಸಾಹಿತ್ಯದಲ್ಲಿಯೇ ಇದಕ್ಕೆ ಹೊಂದುವ ಒಂದು ಪ್ರಸಂಗವಿದೆ. ಕಾಮೊ ನೊ ಚೋಮೆಯ್ ಎಂಬ ಕವಿ ಲೋಕವನ್ನು ಬಿಟ್ಟು ಸಂನ್ಯಾಸಿಯಾಗಿ 1212ರಲ್ಲಿ ಹೋಜೋಕಿ ಎಂಬ ಚಿಕ್ಕ ಗ್ರಂಥವನ್ನು ಬರೆದನು. ರಾಜಧಾನಿಯ ಬೆಂಕಿ, ಬಿರುಗಾಳಿ, ಕ್ಷಾಮ, ಭೂಕಂಪಗಳನ್ನು ಕಂಡು, ದೊಡ್ಡ ಮನೆಗಳ ವ್ಯರ್ಥತೆಯನ್ನು ಅರಿತು, ಕಡೆಗೆ ಬೆಟ್ಟದಲ್ಲಿ ಹತ್ತು ಅಡಿ ಚೌಕದ ಗುಡಿಸಿಲನ್ನು ಕಟ್ಟಿಕೊಂಡನು. ಅದರ ಸಂದುಗಳಿಗೆ ಲೋಹದ ಕೊಂಡಿಗಳನ್ನು ಹಾಕಿದ್ದನು. ಸ್ಥಳ ಹಿಡಿಸದಿದ್ದರೆ ಬಿಚ್ಚಿ ಎರಡು ಬಂಡಿಗಳಲ್ಲಿ ಹೇರಿಕೊಂಡು ಹೋಗುವಂತಿತ್ತು. ಇಂದಿನ ಪೆಟ್ಟಿಗೆಯ ಮನೆಗೆ ಇದನ್ನೇ ಹಿರಿಯಜ್ಜನೆನ್ನಬಹುದೇನೋ. ಆ ಹತ್ತಡಿಯ ಅಳತೆಯೂ ನಮ್ಮ ಭರತಖಂಡದಿಂದಲೇ ಹೋದದ್ದು: ವೈಶಾಲಿಯ ಗೃಹಸ್ಥ ವಿಮಲಕೀರ್ತಿಯ ಕೋಣೆ ಅಷ್ಟೇ ಅಗಲದ್ದೆಂದು ಪ್ರಸಿದ್ಧಿ. ಅವನ ಕಥೆಯನ್ನು ಹೇಳುವ ವಿಮಲಕೀರ್ತಿನಿರ್ದೇಶದ ಪೂರ್ಣ ಸಂಸ್ಕೃತಪ್ರತಿ 1999ರಲ್ಲಿ ಲಾಸಾ ನಗರದ ಪೊತಾಲಾ ಅರಮನೆಯಲ್ಲಿ ದೊರೆಯಿತೆಂಬುದು ಸಂಸ್ಕೃತಜ್ಞರಿಗೆ ಹಬ್ಬದ ವಾರ್ತೆ. ಆ ಕಥೆಯಲ್ಲಿ ಗೃಹಸ್ಥನು ಅತಿಥಿಗಳು ಬರುವರೆಂದು ತಿಳಿದು ಮೊದಲು ಮಾಡುವ ಕೆಲಸ ಕೋಣೆಯಲ್ಲಿದ್ದುದನ್ನೆಲ್ಲ ತೆಗೆದು ಬರಿದುಮಾಡುವುದು. ಬರಿದಾದ ಆ ಕಿರುಕೋಣೆಯಲ್ಲಿ ಸಹಸ್ರ ಸಹಸ್ರ ಸಿಂಹಾಸನಗಳು ಹಿಡಿದವು.

ಚೋಮೆಯ್ ಕವಿಯ ಮಾತಿಗೆ ಬರೋಣ. ಎಲ್ಲವನ್ನೂ ಬಿಟ್ಟೆನೆಂದ ಅವನು ಗ್ರಂಥದ ಕೊನೆಯಲ್ಲಿ ತನ್ನನ್ನೇ ಕೇಳಿಕೊಳ್ಳುತ್ತಾನೆ: ಈ ಗುಡಿಸಿಲಿನ ಮೇಲಿನ ಪ್ರೀತಿಯೂ ಒಂದು ಮೋಹವಲ್ಲವೇ, ಈ ನಿಶ್ಶಬ್ದದ ಮೇಲಿನ ಆಸೆಯೂ ಒಂದು ತಡೆಯಲ್ಲವೇ ಎಂದು. ಅದಕ್ಕೆ ಅವನ ಮನಸ್ಸು ಉತ್ತರ ಕೊಡಲಿಲ್ಲ. ಬುದ್ಧನ ನಾಮವನ್ನು ಎರಡು ಮೂರು ಸಲ ಉಚ್ಚರಿಸಿ ಅವನು ಲೇಖನಿಯನ್ನು ಕೆಳಗಿಟ್ಟನು. ಅರಮನೆಯ ಮೇಲಿನ ಮೋಹಕ್ಕಿಂತ ಗುಡಿಸಿಲಿನ ಮೇಲಿನ ಮೋಹ ಚಿಕ್ಕದೆಂದು ಅವನು ಸಮಾಧಾನ ಹೇಳಿಕೊಳ್ಳಲಿಲ್ಲ; ಅದು ಆ ಗ್ರಂಥದ ದೊಡ್ಡತನ.

ಸಂನ್ಯಾಸಿಗೆ ಉತ್ತರವಿಲ್ಲದೆ ನಿಲ್ಲುವ ಅವಕಾಶವಿತ್ತು. ಗೃಹಸ್ಥನಿಗೆ ಅಷ್ಟು ಅವಕಾಶವಿಲ್ಲ, ಏಕೆಂದರೆ ಅವನ ಬೆನ್ನ ಹಿಂದೆ ಮಗು ನಿಂತಿದೆ. ಶೋಕಕ್ಕೆ ಕೈಗೆಲಸ ಒಳ್ಳೆಯ ಊರುಗೋಲು. ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳಲಾರೆ. ಕಾಲಿಗೆ ಬಲ ಬಂದಮೇಲೂ ಊರುಗೋಲನ್ನು ಬಿಡದಿದ್ದರೆ ಮನೆಯವರು ಕೇಳುವುದು ನ್ಯಾಯ. ಆ ಸಂಜೆಗಳು ಅವನೊಬ್ಬನ ಸ್ವತ್ತಾಗಿರಲಿಲ್ಲ. ತನ್ನದಲ್ಲದುದರಲ್ಲಿ ಧಾರಾಳಿಯಾಗುವುದು ಧಾರಾಳವಲ್ಲ. ತಂದೆಗಾಗಿ ಕೋಣೆಯನ್ನು ಸಿದ್ಧಪಡಿಸುವವನು ಮಗಳನ್ನು ಕೋಣೆಯ ಹೊರಗೆ ನಿಲ್ಲಿಸಿದರೆ, ಅತಿಥಿಗೃಹದಿಂದ ಅವನು ಕಲಿಯಬೇಕಾದುದನ್ನೇ ಕಲಿತಂತಾಗಲಿಲ್ಲ. ಈ ಮಾತನ್ನು ಸ್ವಲ್ಪ ಕಠಿನವಾಗಿಯೇ ಬರೆದೆನು. ಇದಕ್ಕೆ ಅವನು ಏನಾದರೂ ಸಬೂಬು ಹೇಳಿಯಾನೆಂದು ನಿರೀಕ್ಷಿಸಿದ್ದೆನು.

ಸಬೂಬು ಬರಲಿಲ್ಲ. ಕಳೆದ ತಿಂಗಳು ಬಂದ ಚಿಕ್ಕ ಕಾಗದದಲ್ಲಿ, ವಾರದ ದಿನಗಳಲ್ಲಿ ಪೆಟ್ಟಿಗೆಯನ್ನು ಮುಚ್ಚಿ ಮೇಲಿಟ್ಟಿರುವುದಾಗಿಯೂ, ಭಾನುವಾರ ಬೆಳಗಿನ ಹೊತ್ತು ಮಾತ್ರ ಮೂವರೂ ಮೇಜಿನ ಸುತ್ತ ಕೂಡುವುದಾಗಿಯೂ ಬರೆದಿದ್ದಾನೆ. ಮಾಡನ್ನು ಅಂಟಿಸದೆ ಎತ್ತಿಡುವಂತೆ ಬಿಟ್ಟಿದ್ದಾರೆ. ಕಿಟಕಿಗಳ ಕಾಗದ ಇನ್ನೂ ಹಚ್ಚಬೇಕಾಗಿದೆ. ಅಕ್ಕಿಯ ಗಂಜಿಯ ಅಂಟೇ ಅದಕ್ಕೆ ಉತ್ತಮವೆಂದು ಮಡದಿ ಹೇಳಿದ್ದಾಳೆ. ಮಗಳು ಮೊಗಸಾಲೆಯನ್ನು ಇಣುಕಿ ನೋಡಿ, ತಾತನ ಚಪ್ಪಲಿ ಎಲ್ಲಿ ಎಂದು ಕೇಳಿದಳಂತೆ. ಪೆಟ್ಟಿಗೆಯಲ್ಲಿ ಚಪ್ಪಲಿಗಳು ಇರಲಿಲ್ಲ. ರಟ್ಟನ್ನು ಕತ್ತರಿಸಿ ಅವಳೇ ಒಂದು ಜೊತೆ ಮಾಡಿದ್ದಾಳೆ. ಎಡ ಬಲ ಎರಡೂ ಒಂದೇ ಕಾಲಿನವಾಗಿವೆ. ಅವುಗಳನ್ನು ಹೊರಮುಖವಾಗಿ ಇಟ್ಟಿದ್ದಾರೆ.